ಹಲಗೆ ಮುಚ್ಚಿಗೆಯ ಮನೆಗೆ ಹೋಂ ಥಿಯೇಟರ್

ಮೇ ತಿಂಗಳ ಕೊನೆಯ ವಾರ, ನಾಪೋಕ್ಲು ಕಡೆಯ ಒಂದು ತೋಟದ ಮನೆ. ಮೇಲೆ ಮಂಗಳೂರು ಹೆಂಚು, ಅದರಡಿ ಹಲಗೆಯ ಮುಚ್ಚಿಗೆ, ಕಾಲಡಿ ಕನ್ನಡಿಯಂತೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ಹಾಲ್ 18 ಅಡಿ ಉದ್ದ, 13 ಅಡಿ ಅಗಲ. ಮಳೆ ಹಿಡಿಯುವ ಮೊದಲೇ ಹೋಂ ಥಿಯೇಟರ್ ಕೂರಿಸಿಬಿಡಬೇಕೆಂದು ಮನೆಯವರ ಆತುರ. ಮೇಜಿನ ಮೇಲೆ ಮೂರು ರಿಸೀವರ್‌ಗಳ ಬ್ರೋಷರ್ ಹರಡಿತ್ತು. (ರಿಸೀವರ್ ಎಂದರೆ ಟಿವಿಯ ಸದ್ದನ್ನು ಪಡೆದು, ಬಲಗೊಳಿಸಿ, ಎಲ್ಲ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ.) ಸ್ಪೀಕರ್ ಯಾವುದೆಂದು ಕೇಳಿದರೆ, "ಅದನ್ನ ಆಮೇಲೆ ನೋಡುವ" ಎಂಬ ಉತ್ತರ.

ಈ ಲೆಕ್ಕ ತಲೆಕೆಳಗು. ಮೊದಲು ಕೋಣೆ, ಆಮೇಲೆ ಕರೆಂಟು, ಆಮೇಲೆ ಸ್ಪೀಕರ್, ಎಲ್ಲಕ್ಕಿಂತ ಕೊನೆಗೆ ರಿಸೀವರ್. ಬೆಂಗಳೂರಿನ ಫ್ಲಾಟಿನಲ್ಲಾದರೆ ಕರೆಂಟಿನ ಮಾತು ಬಿಟ್ಟರೂ ನಡೆದೀತು, ಕೊಡಗಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಚೀಲದಿಂದ ಮೊದಲು ಹೊರಬಂದದ್ದು ಮಲ್ಟಿಮೀಟರ್. ಬೆಳಿಗ್ಗೆ ಹತ್ತಕ್ಕೆ 214 ವೋಲ್ಟ್. ಸಂಜೆ ಏಳಕ್ಕೆ ಅದೇ ಸಾಕೆಟ್ 180 ತೋರಿಸಿತು. ಫೆಬ್ರವರಿ–ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವಾಗ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಎಳೆದರೆ ಇನ್ನೂ ಕೆಳಗಿಳಿಯುತ್ತದಂತೆ.

ಬಲ್ಬು ಮಂಕಾಗುವುದು ಕಣ್ಣಿಗೆ ಕಾಣುತ್ತದೆ, ಆಂಪ್ಲಿಫೈಯರ್ ಮಂಕಾಗುವುದು ಕಾಣುವುದಿಲ್ಲ. ಸಾಮಾನ್ಯ ರಿಸೀವರ್‌ಗಳ ಪವರ್ ಸಪ್ಲೈಯಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ವೋಲ್ಟೇಜು ಡಿಸಿಗೆ ಬದಲಾಗುತ್ತದೆ, ಆದರೆ ಏರಿಳಿತ ಸರಿಪಡಿಸುವ ಸರ್ಕ್ಯೂಟ್ ಇಲ್ಲದೆಯೇ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಹೋಗುತ್ತದೆ. ಗೋಡೆಯಲ್ಲಿ 230 ಇದ್ದದ್ದು 180 ಆದರೆ ಒಳಗಿನ ವೋಲ್ಟೇಜೂ ಶೇಕಡಾ 78ಕ್ಕೆ ಇಳಿಯುತ್ತದೆ. ವಾಟ್ ಎನ್ನುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಶಕ್ತಿ ಶೇಕಡಾ 61ಕ್ಕೆ ಕುಸಿಯುತ್ತದೆ. 80 ವಾಟ್ ಎಂದು ಕೊಂಡದ್ದು ಸಂಜೆಯ ಸಿನಿಮಾ ಹೊತ್ತಿಗೆ ಸುಮಾರು 49 ವಾಟ್. 80ರಿಂದ 100 ವಾಟಿನ ಮಾಡೆಲ್‌ಗೆ ಏರಲು ಕೊಡುವ ಹೆಚ್ಚುವರಿ ಹಣದಲ್ಲಿ ಒಳ್ಳೆಯ 1 ಕೆವಿಎ ಸರ್ವೋ ಸ್ಟೆಬಿಲೈಸರ್ ತೆಗೆದುಕೊಳ್ಳುವುದು ಲಾಭ. ರಿಲೇ ಸ್ಟೆಬಿಲೈಸರ್ ಅಗ್ಗವೇನೋ ಸರಿ, ಆದರೆ ನಿಶ್ಶಬ್ದ ದೃಶ್ಯದ ನಡುವೆ ಟಕ್ ಟಕ್ ಎನ್ನುತ್ತಿರುತ್ತದೆ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಪ್ಯೂರ್ ಸೈನ್‌ವೇವ್ ಆಗಿರಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರ್ ಆದರೆ ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ.

ಇದೇ ಮನೆಯ ಅಟ್ಟದಲ್ಲಿ ಒಂದು ಸತ್ತ ರಿಸೀವರ್ ಇತ್ತು. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟದ್ದು, ಹಿಂಬದಿಯಲ್ಲಿ "120 ವೋಲ್ಟ್, 60 ಹರ್ಟ್ಸ್" ಎಂದು ಅಚ್ಚಾಗಿತ್ತು. ನೇರ ಗೋಡೆಗೆ ಚುಚ್ಚಿದ್ದಾರೆ, ಕಥೆ ಮುಗಿದಿದೆ. ಹೊರದೇಶದ ಸೆಟ್ ಬಂದರೆ ಮೊದಲು ಓದಬೇಕಾದದ್ದು ಆ ಒಂದು ಸಾಲು.

ವಾಟಿನ ವಿಷಯದಲ್ಲಿ ಬಾಕ್ಸಿನ ಮುಂಬದಿ ಓದಬಾರದು, ಕೈಪಿಡಿಯ ಹಿಂದಿನ ಪುಟ ಓದಬೇಕು. 6 ಓಂ, 1 ಕಿಲೋಹರ್ಟ್ಸ್, ಶೇಕಡಾ 10 ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ), ಒಂದೇ ಚಾನೆಲ್ (ಒಂದೇ ಸ್ಪೀಕರ್‌ನ ಸಾಲು) ಎಂದು ಬರೆದ 150 ವಾಟ್ ಬರೀ ಜಾಹೀರಾತು. ಡೆನಾನ್ ಎವಿಆರ್-ಎಕ್ಸ್1800ಎಚ್ ಎಂಬ ರಿಸೀವರ್‌ನ ನಿಜವಾದ ಅಳತೆ ಹೀಗಿದೆ: 8 ಓಂಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇಕಡಾ 0.08 ಡಿಸ್ಟಾರ್ಷನ್‌ನಲ್ಲಿ, ಎರಡು ಚಾನೆಲ್ ಓಡುವಾಗ 80 ವಾಟ್. ಹೋಲಿಸುವುದಾದರೆ ಈ ಬಗೆಯ ಸಾಲನ್ನು ಇದೇ ಬಗೆಯ ಸಾಲಿನ ಜೊತೆ ಹೋಲಿಸಬೇಕು. ಐದೂ ಚಾನೆಲ್ ಒಟ್ಟಿಗೆ ಓಡಿದಾಗ ಇದೂ ಇಳಿಯುತ್ತದೆ.

ಅದಕ್ಕೇ ಸ್ಪೀಕರ್‌ನ ಸೆನ್ಸಿಟಿವಿಟಿ ಮುಖ್ಯ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡಿಬಿ ಜೋರಾಗಿ ಕೇಳುತ್ತದೆ ಎಂಬುದು. ಸೋಫಾ ಟಿವಿಯಿಂದ 11 ಅಡಿ ದೂರ. 86 ಡಿಬಿ ಸ್ಪೀಕರ್ ಹಾಕಿ ಅಲ್ಲಿ 95 ಡಿಬಿಯ ಗುಡುಗು ಕೇಳಬೇಕಾದರೆ, ಗೋಡೆಗಳ ಸಹಾಯ ಬಿಟ್ಟು ಲೆಕ್ಕ ಹಾಕಿದರೆ ಸುಮಾರು 90 ವಾಟ್ ಬೇಕು. 90 ಡಿಬಿ ಸ್ಪೀಕರ್ ಆದರೆ ಸುಮಾರು 35 ಸಾಕು. ಪ್ರತಿ 3 ಡಿಬಿಗೆ ವಾಟ್ ದುಪ್ಪಟ್ಟಾಗುತ್ತದೆ ಎಂಬುದು ನೆನಪಿದ್ದರೆ ಅಂಗಡಿಯವರ ಅರ್ಧ ಮಾತು ತಾನಾಗಿ ಸೋಸಿಹೋಗುತ್ತದೆ. 4 ಓಂ ಸ್ಪೀಕರ್‌ಗಳು ಈ ವರ್ಗದ ರಿಸೀವರ್‌ಗೆ ಬೇಡ. ಹೆಚ್ಚು ಕರೆಂಟ್ ಎಳೆದು, ಬಿಸಿಯಾಗಿ, ಪ್ರೊಟೆಕ್ಷನ್ ಮೋಡ್‌ಗೆ ಹೋಗಿ ಕೂರುತ್ತದೆ.

ಹಳೆಯ ಸ್ಪೀಕರ್ ಜೋಡಿಯೊಂದು ಮೂಲೆಯಲ್ಲಿತ್ತು, ಮುಂದಿಗೆ ಅದನ್ನೇ ಬಳಸೋಣವೇ ಎಂದು ಕೇಳಿದರು. ಬಟ್ಟೆ ತೆಗೆದು ವೂಫರ್‌ನ (ಬೇಸ್ ನುಡಿಸುವ ದೊಡ್ಡ ಕೋನ್) ಅಂಚನ್ನು ಬೆರಳಲ್ಲಿ ಮುಟ್ಟಿದರೆ ಫೋಮ್ ಹಳೇ ಬಿಸ್ಕತ್ತಿನಂತೆ ಉದುರಿತು. ಪಾಲಿಯುರೆಥೇನ್ ಫೋಮ್ ತೇವಕ್ಕೆ ಹೀಗೇ ಕರಗಿಹೋಗುತ್ತದೆ, ಇಲ್ಲಿನ ಮಳೆಗಾಲ ಅದನ್ನು ಇನ್ನೂ ಬೇಗ ಮುಗಿಸುತ್ತದೆ. ಕೊಡಗಿಗೆ ರಬ್ಬರ್ ಅಂಚಿನ ವೂಫರೇ ಸರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ತಳ ನೀರಿನ ಪಸೆ ಹೀರಿ ಊದದಂತೆ, ನೆಲಕ್ಕೆ ತಾಗಿಸದೆ ರಬ್ಬರ್ ಕಾಲಿನ ಮೇಲೆ ನಿಲ್ಲಿಸಬೇಕು. ಬೇಸ್ ಪೋರ್ಟಿನ ತೂತಿಗೆ ಒಂದು ತುಂಡು ಸೊಳ್ಳೆ ಜಾಲರಿ ಕಟ್ಟಿದರೆ ಹಲ್ಲಿ, ಇರುವೆ ಒಳಗೆ ಸಂಸಾರ ಹೂಡುವುದಿಲ್ಲ. ಜಾಲರಿ ಬಿಗಿಯಾಗಿರಲಿ, ಸಡಿಲವಾದರೆ ಅದೇ ಗರಗರ ಅನ್ನುತ್ತದೆ.

ಚಾನೆಲ್ ಎಷ್ಟು ಎಂಬುದೇ ಆ ದಿನದ ದೊಡ್ಡ ಚರ್ಚೆ. ಮಗನಿಗೆ ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಬರುವ ವ್ಯವಸ್ಥೆ) ಬೇಕು, ಅದೂ ಮುಂದಿನ ಸ್ಪೀಕರ್ ಮೇಲೆ ಇಟ್ಟು ಸೀಲಿಂಗ್‌ಗೆ ಬಡಿಸುವ ಬಗೆ. ಆ ಬಗೆಗೆ ಚಪ್ಪಟೆಯಾದ, ಗಟ್ಟಿಯಾದ ಸೀಲಿಂಗ್ ಬೇಕು. ಇಲ್ಲಿ ಮುಚ್ಚಿಗೆಯ ಅಡ್ಡ ತೊಲೆಗಳು ಒಂದೂವರೆ ಅಡಿಗೊಂದರಂತೆ ಕೆಳಗಿಳಿದಿವೆ, ಸದ್ದು ಸೋಫಾಕ್ಕೆ ಬರುವ ಬದಲು ಎಲ್ಲೆಲ್ಲಿಗೋ ಚದುರುತ್ತದೆ. ಹಾಕಲೇಬೇಕೆಂದರೆ ತೊಲೆಗೆ ಸ್ಕ್ರೂ ಹೊಡೆದು ಚಿಕ್ಕ ಸ್ಪೀಕರ್ ತೂಗಿಸಬೇಕು. ಸದ್ಯಕ್ಕೆ 5.1 (ಮುಂದೆ ಎಡ, ಬಲ ಮತ್ತು ನಡುವಿನ ಸೆಂಟರ್, ಪಕ್ಕಕ್ಕೆ ಎರಡು ಸರೌಂಡ್, ಬೇಸ್‌ಗೆಂದೇ ಒಂದು ಸಬ್‌ವೂಫರ್) ಸಾಕು, ಎರಡು ಮೇಲ್ ಸ್ಪೀಕರ್‌ಗಳ ದುಡ್ಡು ಸೆಂಟರ್‌ಗೆ ಹೋಗಲಿ ಎಂಬುದು ನಮ್ಮ ವಾದ. ಮಗ ಒಪ್ಪಲಿಲ್ಲ. ತೀರ್ಪು ಕೊಟ್ಟದ್ದು ಅವನ ತಾಯಿ: "ನಂಗೆ ಮಾತೇ ಕೇಳೋದಿಲ್ಲ, ಬಾಂಬ್ ಮಾತ್ರ ಕೇಳ್ತದೆ." "ಆಯ್ತು ಅವ್ವಾ" ಎಂದು ಮಗ ಸುಮ್ಮನಾದ.

ಸಿನಿಮಾದ ಮಾತಿನ ಬಹುಪಾಲು ಬರುವುದು ಸೆಂಟರ್ ಸ್ಪೀಕರ್‌ನಿಂದ. ಅದನ್ನು ಟಿವಿ ಕಪಾಟಿನ ಗೂಡಿನೊಳಗೆ ತುರುಕಿದರೆ ಮಾತು ಕೊಡದೊಳಗಿಂದ ಬಂದಂತಾಗುತ್ತದೆ. ಪೆಟ್ಟಿಗೆಯ ಮುಖ ಕಪಾಟಿನ ಅಂಚಿಗೆ ಸಮವಾಗಿ, ಬೇಕಿದ್ದರೆ ಒಂದು ಬೆರಳಷ್ಟು ಮುಂದೆ ಬಂದಿರಬೇಕು. ಕೆಳಗಿದ್ದರೆ ರಬ್ಬರ್ ತುಂಡಿಟ್ಟು ಕೂತವರ ಕಿವಿಯ ಕಡೆ ವಾಲಿಸಬೇಕು. ಮೂರೂ ಮುಂದಿನ ಸ್ಪೀಕರ್ ಒಂದೇ ಕಂಪನಿಯ ಒಂದೇ ಸರಣಿಯದ್ದಾಗಿರಲಿ, ಇಲ್ಲವಾದರೆ ನಡೆಯುತ್ತಾ ಮಾತಾಡುವವನ ದನಿ ಪರದೆಯ ನಡುವೆ ಬದಲಾಗುತ್ತದೆ. ಸಾಮಾನು ಬಂದ ಮೇಲೆ ಕೂರಿಸುವಾಗ ಎಡಬಲದ್ದರ ನಡುವೆ 9 ಅಡಿ ಬಿಟ್ಟೆವು. ಸರೌಂಡ್ ಎರಡೂ ಸೋಫಾದ ಪಕ್ಕಕ್ಕಿಂತ ಸ್ವಲ್ಪ ಹಿಂದೆ, ಎದುರಿನ ಟಿವಿಯಿಂದ ಲೆಕ್ಕ ಹಾಕಿದರೆ 110 ಡಿಗ್ರಿಯ ಆಸುಪಾಸು, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ.

ನೆಲದಿಂದ ಚಿಮ್ಮುವ ಸದ್ದಿಗೆ ಟಿವಿ ಮತ್ತು ಸೋಫಾದ ನಡುವೆ ದಪ್ಪ ಜಮಖಾನೆ. ಒಂದೇ ಜಮಖಾನೆಗೆ ಮಾತು ಎಷ್ಟು ತಿಳಿಯಾಯಿತೆಂದರೆ, ದುಬಾರಿ ಕೇಬಲ್ಲಿನ ಪ್ರಸ್ತಾಪ ಅಲ್ಲಿಗೇ ನಿಂತಿತು. ಕೇಬಲ್ ಎಂದರೆ ಅಪ್ಪಟ ತಾಮ್ರದ 1.5 ಚದರ ಮಿಲಿಮೀಟರ್ ಸಾಕು. 10 ಮೀಟರ್ ಎಳೆದರೂ ಹೋಗಿಬರುವ ಒಟ್ಟು ರೆಸಿಸ್ಟೆನ್ಸ್ ಕಾಲು ಓಂ ಮುಟ್ಟುವುದಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವಯರ್ ಬೇಡ, ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಇಲಿ ಇರುವ ಮನೆ, ಆದ್ದರಿಂದ ವಯರೆಲ್ಲ ಪಿವಿಸಿ ಪೈಪಿನೊಳಗೆ. ತುದಿಗೆ ಬನಾನಾ ಪ್ಲಗ್. ಬರೀ ಎಳೆಗಳು ತೇವಕ್ಕೆ ಹಸಿರಾಗಿ ಸಂಪರ್ಕ ಕೆಡುತ್ತದೆ, ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಆಫ್ ಆಗುತ್ತದೆ. ಪ್ಲಸ್ ಮೈನಸ್ ಬಗ್ಗೆ ಅನುಮಾನ ಬಂದರೆ ರಿಸೀವರ್ ಕಡೆಯ ತುದಿ ಬಿಚ್ಚಿ 1.5 ವೋಲ್ಟಿನ ಸೆಲ್ ಕ್ಷಣಕಾಲ ತಾಗಿಸಬೇಕು. ಸೆಲ್ಲಿನ ಪ್ಲಸ್ ಮುಟ್ಟಿದ್ದು ಪ್ಲಸ್ ಎಳೆಯೇ ಆದರೆ ವೂಫರ್ ಮುಂದಕ್ಕೆ ಬರುತ್ತದೆ. ಇಲ್ಲಿ ಬಲಗಡೆಯದ್ದು ಉಲ್ಟಾ ಆಗಿತ್ತು, ಬೇಸ್ ಯಾಕೆ ತೆಳ್ಳಗಿದೆ ಎಂದು ಅರ್ಧ ಗಂಟೆ ಹೋಯಿತು.

ಸಬ್‌ವೂಫರ್‌ನ ಜಾಗ ಹುಡುಕಲು ಅದನ್ನೇ ಸೋಫಾದ ಮೇಲಿಟ್ಟು, ಬೇಸ್ ಇರುವ ಹಾಡೊಂದನ್ನು ಹಾಕಿ, ಗೋಡೆಯುದ್ದಕ್ಕೂ ಮಂಡಿಯೂರಿ ಕಿವಿಗೊಟ್ಟೆವು. ಬೇಸ್ ಎಲ್ಲಿ ಸಮವಾಗಿ ಕೇಳಿಸುತ್ತದೋ ಅದು ಸಬ್ಬಿನ ಜಾಗ. ಕೋಣೆಯ 18 ಅಡಿ ಉದ್ದ 31 ಹರ್ಟ್ಸ್ ಸುತ್ತ, 13 ಅಡಿ ಅಗಲ 43ರ ಸುತ್ತ ಗುಂಯ್ ಎನ್ನುತ್ತದೆ. ಮೂಲೆಯಲ್ಲಿಟ್ಟರೆ ಎರಡೂ ಕೆರಳುತ್ತವೆ. ಮುಂದಿನ ಗೋಡೆಯ ಮೂರನೇ ಒಂದು ಭಾಗದಲ್ಲಿ ಸರಿಹೋಯಿತು. ಆದರೂ 40 ಹರ್ಟ್ಸ್ ಹತ್ತಿರ ಏನೋ ಗಿಲಗಿಲ. ಟೋನ್ ಜನರೇಟರ್ ಆ್ಯಪ್‌ನಲ್ಲಿ 20ರಿಂದ 120ರವರೆಗೆ ನಿಧಾನ ಏರಿಸಿ ಹುಡುಕಿದರೆ, ಅದು ಗಾಜಿನ ಶೋಕೇಸಿನಲ್ಲಿದ್ದ, ಹಾಕಿ ಆಟದಲ್ಲಿ ಗೆದ್ದ ಕಪ್ಪುಗಳು! ಪ್ರತಿಯೊಂದರ ಅಡಿಗೂ ಫೆಲ್ಟ್ ಅಂಟಿಸಬೇಕಾಯಿತು.

ಮಧ್ಯಾಹ್ನ ಮಳೆಗೆ ಮುಂಚೆ ಮೈಕ್ ಅಳತೆ: ರಿಸೀವರ್ ತಾನೇ ಸದ್ದು ಹೊರಡಿಸಿ, ಮೈಕಿನಲ್ಲಿ ಕೇಳಿ, ಸ್ಪೀಕರ್‌ಗಳನ್ನು ಹೊಂದಿಸಿಕೊಳ್ಳುವ ಕೆಲಸ. ಫ್ಯಾನ್, ಫ್ರಿಜ್ ಆಫ್. ಮೈಕನ್ನು ಸೋಫಾದ ಬೆನ್ನಿಗೆ ಒರಗಿಸದೆ ಸ್ಟ್ಯಾಂಡಿನಲ್ಲಿ ಕಿವಿಯ ಎತ್ತರಕ್ಕೆ ಇಟ್ಟು ರಿಸೀವರ್ ಕೇಳುವ ಎಂಟೂ ಜಾಗದಲ್ಲಿ ಅಳೆದೆವು. ಮುಗಿದ ಮೇಲೆ ತಿದ್ದಬೇಕಾದ ಒಂದು ವಿಷಯ, ಮುಟ್ಟಬಾರದ ಒಂದು ವಿಷಯ. ಮುಂದಿನ ಸ್ಪೀಕರ್‌ಗಳನ್ನು ರಿಸೀವರ್ "ಲಾರ್ಜ್" ಎಂದು ಗುರುತಿಸಿತ್ತು; ಎಲ್ಲವನ್ನೂ "ಸ್ಮಾಲ್" ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟೆವು, ಅಂದರೆ ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತದೆ. ಸಬ್ ಇದ್ದದ್ದು 12 ಅಡಿ ದೂರದಲ್ಲಿ, ರಿಸೀವರ್ ತೋರಿಸಿದ್ದು 17. ಅದು ತಪ್ಪಲ್ಲ. ಸಬ್ಬಿನೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಸೇರಿಸಿ ಹಾಗೆ ಬರುತ್ತದೆ, ಟೇಪಿನಲ್ಲಿ ಅಳೆದು ಸರಿಮಾಡಲು ಹೋಗಬಾರದು. ಟಿವಿಯಿಂದ ಬರೀ ಸ್ಟೀರಿಯೋ ಬರುತ್ತಿದ್ದದ್ದು ಬೇರೆ ಕಾರಣಕ್ಕೆ: ಕೇಬಲ್ ಇಎಆರ್‌ಸಿ (ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ಎಚ್‌ಡಿಎಂಐ) ಪೋರ್ಟಿನಲ್ಲೇ ಇತ್ತು, ಆದರೆ ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂನಲ್ಲಿ ನಿಂತಿತ್ತು, ಅಂದರೆ ಟಿವಿಯೇ ಸದ್ದನ್ನು ಎರಡು ಚಾನೆಲ್‌ಗೆ ಇಳಿಸಿ ಕಳಿಸುತ್ತಿತ್ತು. ಪಾಸ್‌ತ್ರೂ (ಬಂದ ಸದ್ದನ್ನು ಹಾಗೇ ದಾಟಿಸುವುದು) ಮಾಡಿದ ಕೂಡಲೇ ಐದೂ ಎಚ್ಚೆತ್ತವು.

ನಾಲ್ಕು ಗಂಟೆಗೆ ಮಳೆ. ಹೆಂಚಿನ ಮೇಲೆ ಬೀಳುವ ಸದ್ದಿನೆದುರು ಯಾವ ಸ್ಪೀಕರ್ ಪಟ್ಟಿಯೂ ಹೇಳದ ಪರೀಕ್ಷೆ. ಒಟ್ಟು ವಾಲ್ಯೂಮ್ ಏರಿಸಿದರೆ ಬಾಂಬೂ ಏರುತ್ತದೆ. ಸೆಂಟರ್ ಒಂದನ್ನೇ 3 ಡಿಬಿ ಮೇಲಕ್ಕೆ, ಜೋರು ಮೆಲುವಿನ ಅಂತರ ತಗ್ಗಿಸುವ ಡೈನಾಮಿಕ್ ವಾಲ್ಯೂಮ್ "ಲೈಟ್"ಗೆ. ಅವ್ವ ಕಾಫಿ ಲೋಟ ಹಿಡಿದು ಕೂತವರು ಎರಡು ದೃಶ್ಯ ನೋಡಿ, ವಿಲನ್ ಸುಳ್ಳು ಹೇಳ್ತಾ ಇದ್ದಾನೆ ಎಂದರು. ಮಾತು ಕೇಳಿಸಿತ್ತು.

ಅಷ್ಟರಲ್ಲಿ ಮಿಂಚು. ರಿಸೀವರ್, ಸಬ್, ಟಿವಿ ಪ್ಲಗ್ ಎಲ್ಲರೂ ಕೀಳುತ್ತಾರೆ, ಮರೆಯುವುದು ಡಿಶ್‌ನ ಕೇಬಲ್ ಮತ್ತು ಮೋಡೆಮ್‌ನ ಲ್ಯಾನ್ ವಯರ್. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ, ಅಲ್ಲಿಂದ ರಿಸೀವರ್ ಬೋರ್ಡು. ಸಿಡಿಲಿಗೆ ಇದೇ ಸಲೀಸು ದಾರಿ. ಆ ಎರಡು ವಯರಿಗೆ ದಪ್ಪ ಟೇಪ್ ಸುತ್ತಿಟ್ಟೆವು, ಕರೆಂಟು ಹೋದ ಕತ್ತಲಲ್ಲೂ ತಡಕಿದರೆ ಕೈಗೆ ಸಿಗಲೆಂದು.