ಮೂರು ದಿನದ ಕೋಶ, ಒಂಬತ್ತು ದಿನದ ಕೋಶ: ಮೇ ತಿಂಗಳಿಂದ ಜುಲೈವರೆಗಿನ ಲೆಕ್ಕ

ಹಾಸನ, ಜುಲೈ ಕೊನೆಯ ವಾರ

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಊರಿಗೆ ಬಂದಿದ್ದೇನೆ. ಹೊರಗೆ ಬಿಡದೆ ಸೋನೆ ಮಳೆ. ಕೂತು ಲೆಕ್ಕ ಒಪ್ಪಿಸೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್. ಕೆಲಸ ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಕಾರ್-ಟಿ ಕೋಶಗಳ ಮೇಲೆ. ರೋಗಿಯ ರಕ್ತದಿಂದ ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ತೆಗೆಯುತ್ತಾರೆ. ಅದಕ್ಕೆ ಒಂದು ಹೊಸ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಅದೇ ರೋಗಿಯ ಮೈಗೆ ಬಿಡುತ್ತಾರೆ. ಆ ಜೀನ್‌ನಿಂದ ಕೋಶದ ಮೇಲೆ ಕೊಕ್ಕೆಯಂಥದ್ದೊಂದು ಮೂಡುತ್ತದೆ. ಅದು ಸಿಡಿ19 ಅನ್ನೋ ಪ್ರೋಟೀನನ್ನು ಹಿಡಿಯುತ್ತದೆ. ಬಿ ಕೋಶ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣದಿಂದ ಹುಟ್ಟುವ ರಕ್ತ ಕ್ಯಾನ್ಸರ್‌ಗಳಲ್ಲಿ ಬಹುಪಾಲಿಗೆ ಈ ಸಿಡಿ19 ಇರುತ್ತದೆ. ಒಳ್ಳೆಯ ಬಿ ಕೋಶಗಳಿಗೂ ಇರುತ್ತದೆ, ಹಾಗಾಗಿ ಅವೂ ಸಾಯುತ್ತವೆ. ಅದರ ಕೊರತೆಗೆ ಬೇಕಾದರೆ ಇಮ್ಯುನೊಗ್ಲಾಬ್ಯುಲಿನ್ (ಸೋಂಕಿನ ವಿರುದ್ಧದ ಪ್ರತಿಕಾಯ) ಕೊಟ್ಟು ನಿಭಾಯಿಸುತ್ತಾರೆ.

ನನ್ನ ಪ್ರಶ್ನೆ ಚಿಕ್ಕದು. ಈ ಕೋಶಗಳನ್ನು ಹೊರಗೆ ಎಷ್ಟು ದಿನ ಬೆಳೆಸಬೇಕು? ಜಾಸ್ತಿ ದಿನ ಬೆಳೆಸಿದರೆ ಸಂಖ್ಯೆ ಜಾಸ್ತಿ. ಆದರೆ ಹಾಗೆ ಬೆಳೆದ ಕೋಶಗಳು ಬೇಗ ಸುಸ್ತಾಗುತ್ತವೆ. ಬೇರೆ ಲ್ಯಾಬ್‌ಗಳು ಇದನ್ನು ಮೊದಲೇ ತೋರಿಸಿವೆ. ನಮ್ಮ ಕೊಕ್ಕೆಯಲ್ಲಿ, ನಮ್ಮ ಡೋನರ್‌ಗಳ ರಕ್ತದಲ್ಲಿ ಹೇಗೆ ಅಂತ ನೋಡುವುದು ನನ್ನ ಪಾಲಿನ ಕೆಲಸ.

ಮೇ

ಇಡೀ ತಿಂಗಳು ಹಾಳಾಯಿತು. ಟಿ ಕೋಶದ ಎದುರು ಬಿಡೋಕೆ ನಾಲ್ಮ್-6 ಅನ್ನೋ ಲುಕೇಮಿಯಾ (ರಕ್ತ ಕ್ಯಾನ್ಸರ್) ಕೋಶ ಬಳಸುತ್ತೇವೆ. 1976ರಲ್ಲಿ, ಕಾಯಿಲೆ ಮರುಕಳಿಸಿದ್ದ 19 ವರ್ಷದ ಹುಡುಗನೊಬ್ಬನ ರಕ್ತದಿಂದ ಬಂದ ಕೋಶ ಅದು. ಇವತ್ತಿಗೂ ಬೆಳೆಯುತ್ತಲೇ ಇದೆ. ಫ್ಲಾಸ್ಕ್ ಎತ್ತುವಾಗೆಲ್ಲ ಆ ಹುಡುಗ ನೆನಪಾಗುತ್ತಾನೆ.

ಆ ಫ್ಲಾಸ್ಕಿಗೆ ಮೈಕೊಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ (ಕೋಶ ಬೆಳೆಸುವ ದ್ರವ) ಕದಡುತ್ತದೆ, ಬೆಳಗ್ಗೆ ಬಂದವರಿಗೆ ಕಣ್ಣಿಗೇ ಕಾಣುತ್ತದೆ. ಇದು ಹಾಗಲ್ಲ. ಮೀಡಿಯಾ ತಿಳಿಯಾಗೇ ಇರುತ್ತದೆ. ಇದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟಲ್ಲ. ನಾನು ಪಿಸಿಆರ್ ಪರೀಕ್ಷೆಯನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದೆ. ತಪ್ಪು ನನ್ನದೇ. ಎಲ್ಲ ಫ್ಲಾಸ್ಕ್ ಎಸೆದು, ಇನ್ಕ್ಯುಬೇಟರ್ ತೊಳೆದು, ಹಳೆಯ ಸ್ಟಾಕ್ ಕರಗಿಸಿ ಮತ್ತೆ ಶುರು ಮಾಡಿದೆ. ಈಗ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತೇನೆ, ತಪ್ಪಿಸಲ್ಲ.

ಆ ವಾರ ಮನಸ್ಸಿಗೆ ಬೇಜಾರಾಗಿ ರೈಲು ಹತ್ತಿ ಊರಿಗೆ ಬಂದೆ. ಆಲೂಗಡ್ಡೆ ಬಿತ್ತನೆ ಕಾಲ. ಜಲಂಧರ್‌ನ ಬೀಜದ ಗಡ್ಡೆಯನ್ನು ಅಪ್ಪ ಕೊಟ್ಟಿಗೆ ಪಕ್ಕ ಹರಡಿ, ಮೊಳಕೆ ನೋಡಿ ನೋಡಿ ಆರಿಸುತ್ತಿದ್ದರು. ಉದ್ದ ಬಿಳೀ ಮೊಳಕೆ ಬಂದ ಗಡ್ಡೆ ಒಂದು ಕಡೆ, ಮೊಂಡು ಮೊಳಕೆಯದ್ದು ಇನ್ನೊಂದು ಕಡೆ. ಉದ್ದ ಇರೋದೇ ಒಳ್ಳೇದಲ್ವಾ ಅಂದೆ.

“ಅಲ್ಲ ಕಣಮ್ಮ. ಇದು ಕಾದೂ ಕಾದೂ ತನ್ನ ಕಸುವೆಲ್ಲಾ ಕಳ್ಕೊಂಡೈತೆ. ನೆಟ್ರೆ ಏಳುತ್ತೆ, ನಿಲ್ಲಲ್ಲ.”

ನಾನು ಲ್ಯಾಬಿನಲ್ಲಿ ಕೇಳುತ್ತಿರುವುದೂ ಇದನ್ನೇ ಅಂತ ಅವರಿಗೆ ಹೇಳಿದೆ. ರಕ್ತವನ್ನೂ ಹಾಗೆ ಇಡ್ತೀರಾ ಅಂತ ಒಂದು ಗಂಟೆ ಕೂರಿಸಿಕೊಂಡು ಕೇಳಿದರು.

ಜೂನ್

ಹೊಸ ಕೋಶ, ಹೊಸ ಡೋನರ್. ಟಿ ಕೋಶ ಬೇರ್ಪಡಿಸಿ, ಅವುಗಳ ಮೈಮೇಲಿನ ಸಿಡಿ3 ಮತ್ತು ಸಿಡಿ28 ಅನ್ನೋ ಪ್ರೋಟೀನ್ ಕೆರಳಿಸಿ ಕೋಶವನ್ನು ಎಬ್ಬಿಸುವ ಮಣಿ ಹಾಕಿದೆ. ಮಾರನೇ ದಿನ ಹೊಸ ಜೀನನ್ನು ಕೋಶದೊಳಗೆ ಹೊತ್ತೊಯ್ಯುವ ಲೆಂಟಿವೈರಸ್. ಟಿ ಕೋಶ ಬೆಳೆಯೋಕೆ ಬೇಕಾದ ಐಎಲ್-7, ಐಎಲ್-15 ಪ್ರೋಟೀನ್ ಹಾಕಿ 37 ಡಿಗ್ರಿಯಲ್ಲಿ ಇಟ್ಟೆ. ಅರ್ಧವನ್ನು 3ನೇ ದಿನ ತೆಗೆದೆ, ಇನ್ನರ್ಧವನ್ನು 9ನೇ ದಿನ.

ಇಲ್ಲೊಂದು ಎಡವಟ್ಟಾಯಿತು. ಇದೇ ಕೆಲಸ ಮಾಡುವವರು ದಯವಿಟ್ಟು ಗಮನಿಸಿ. 3ನೇ ದಿನ ಫ್ಲೋ ಸೈಟೋಮೀಟರಿನಲ್ಲಿ (ಕೋಶಗಳನ್ನು ಒಂದೊಂದಾಗಿ ನೋಡಿ ಎಣಿಸುವ ಯಂತ್ರ) ಕೊಕ್ಕೆ ಇರುವ ಕೋಶಗಳ ಪ್ರಮಾಣ ತುಂಬಾ ಚೆನ್ನಾಗಿ ಕಂಡಿತು. ಖುಷಿಯಾಗಿ ಅದೇ ಲೆಕ್ಕದ ಮೇಲೆ ಮುಂದಿನ ಪರೀಕ್ಷೆ ಹೂಡಿದೆ. ಅದೇ ಕೋಶಗಳನ್ನು ಇನ್ನೂ ಕೆಲವು ದಿನ ಇಟ್ಟು ನೋಡಿದಾಗ ಪ್ರಮಾಣ ಇಳಿದಿತ್ತು. ಅಷ್ಟು ಬೇಗ ನೋಡಿದರೆ, ಜೀನ್ ಸೇರದ ಕೋಶದಲ್ಲೂ ವೈರಸ್ ಜೊತೆ ಬಂದ ಪ್ರೋಟೀನ್ ಅಂಟಿಕೊಂಡು ಸಿಗ್ನಲ್ ಕೊಡಬಹುದು. ಅಂದರೆ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಕಾರ್-ಟಿ ಕೋಶ ಹಾಕಿದ್ದೆ. ಎರಡು ಗುಂಪಿನ ಹೋಲಿಕೆಯೇ ಬಿದ್ದುಹೋಯಿತು. ಈಗ ಪ್ರತಿ ಸಲ ಒಂದು ಪಾಲು ಕೋಶವನ್ನು ಪಕ್ಕಕ್ಕಿಟ್ಟು, ತಡವಾಗಿ ಎಣಿಸಿ, ಆ ಲೆಕ್ಕವನ್ನೇ ನಂಬುತ್ತೇನೆ.

ಜುಲೈ

ಸರಿಯಾದ ಲೆಕ್ಕದಲ್ಲಿ ಮೂವರು ಡೋನರ್‌ಗಳ ಕೋಶ ಮುಗಿಸಿದೆ. 3 ದಿನಕ್ಕೊಮ್ಮೆ ಹೊಸ ನಾಲ್ಮ್-6 ಹಾಕುತ್ತಾ ಹೋಗುವುದು, ಟಿ ಕೋಶ ಎಷ್ಟು ಸುತ್ತು ತಾಳುತ್ತವೆ ಅಂತ ನೋಡುವುದು. ಮೊದಲ ಸುತ್ತಿನಲ್ಲಿ 9 ದಿನದವೇ ಮುಂದು, ಕ್ಯಾನ್ಸರ್ ಕೋಶಗಳನ್ನು ಬೇಗ ಮುಗಿಸಿದವು. ಎರಡನೇ ಸುತ್ತು ಸಮ. ನಾಲ್ಕನೇ ಸುತ್ತಿಗೆ 9 ದಿನದವು ನಿಂತೇ ಹೋದವು. ಮೈಮೇಲೆ ಪಿಡಿ-1, ಟಿಮ್-3, ಲ್ಯಾಗ್-3 ಅನ್ನೋ ಮೂರೂ ಪ್ರೋಟೀನ್ ಏರಿದ್ದವು. ಸುಸ್ತಾದ ಟಿ ಕೋಶದ ಗುರುತು ಅದು. 3 ದಿನದವು ಐದನೇ ಸುತ್ತಿನಲ್ಲೂ ಕೊಲ್ಲುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಆ ಗ್ರಾಫ್ ನೋಡಿದೆ. ಕಣ್ಣು ತುಂಬಿ ಬಂತು.

ಆದರೆ ಇದು ಇಬ್ಬರು ಡೋನರ್‌ಗಳ ಕಥೆ. ಮೂರನೆಯವರದ್ದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಅವರ ಟಿ ಕೋಶಗಳಲ್ಲಿ ಶುರುವಿನಲ್ಲೇ ಎಳೆಯವು ಕಡಿಮೆ ಇದ್ದವು. ಅದೇ ಕಾರಣವಾ? ನನಗೆ ಹಾಗನ್ನಿಸುತ್ತದೆ, ಇನ್ನೂ ತೋರಿಸಿಲ್ಲ. ನಿಜವಾದ ರೋಗಿಗಳು ಕೀಮೋ ಮುಗಿಸಿ ಬಂದಿರುತ್ತಾರೆ, ಅವರ ಕೋಶಗಳೂ ಹೀಗೇ ದಣಿದಿರಬಹುದು. ಹಾಗಾಗಿ ಈ ಮೂರನೇ ಡೋನರನ್ನು ನಾನು ಪಕ್ಕಕ್ಕೆ ತಳ್ಳಲ್ಲ.

ನಿನ್ನೆ ಸಂಜೆ ಎದುರುಮನೆ ಅಜ್ಜಿ ಬಂದಿದ್ದರು. ಅವರ ಮೊಮ್ಮಗಳಿಗೆ ಏಳು ವರ್ಷ, ಲುಕೇಮಿಯಾ, ಕೀಮೋ ನಡೆಯುತ್ತಿದೆ. “ನಿನ್ ಔಷ್ದಿ ಕೊಡ್ಸಕ್ಕಾಗಲ್ವ ಮಗಾ?” ಅಂದರು. ಕೈ ಹಿಡಿದು ಇದ್ದದ್ದು ಇದ್ದ ಹಾಗೇ ಹೇಳಿದೆ. ಮಕ್ಕಳ ಈ ಕಾಯಿಲೆ ಕೀಮೋದಿಂದಲೇ ಬಹಳಷ್ಟು ಸಲ ವಾಸಿಯಾಗುತ್ತದೆ, ಅದನ್ನು ಒಂದು ದಿನವೂ ತಪ್ಪಿಸಬೇಡಿ ಅಂದೆ. ಕಾರ್-ಟಿ ಬರುವುದು ಕಾಯಿಲೆ ಮರುಕಳಿಸಿದಾಗ ಅಥವಾ ಮದ್ದಿಗೆ ಬಗ್ಗದಿದ್ದಾಗ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನೋ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ 15 ವರ್ಷ ಮೇಲ್ಪಟ್ಟವರಿಗೆ. ಅಮೆರಿಕದ ಬೆಲೆಗೆ ಹೋಲಿಸಿದರೆ ತುಂಬಾ ಕಡಿಮೆ, ಆದರೂ ಲಕ್ಷಗಳಲ್ಲೇ ಮಾತು. ಅಜ್ಜಿ ಸುಮ್ನೆ ಕೇಳಿಸಿಕೊಂಡರು. “ಹಂಗಾರೆ ಕೀಮೋನೇ ಸರಿಯಾಗಿ ಕೊಡುಸ್ತೀವಿ” ಅಂದು ಎದ್ದರು.

ದಿನ ಕಡಿಮೆಯಾದರೆ ಮಾಡುವ ಖರ್ಚೂ ಇಳಿಯಬಹುದು, ರೋಗಿ ಕಾಯುವುದೂ ತಪ್ಪಬಹುದು. ಸೋಂಕಿಲ್ಲ ಅಂತ ನೋಡುವ ಪರೀಕ್ಷೆಗಳಿಗೆ ಹೇಗೂ ದಿನ ಹಿಡಿಯುತ್ತದೆ, ಅದನ್ನು ಮೊಟಕು ಮಾಡುವಂತಿಲ್ಲ.

ಸೋಮವಾರ ಬೆಳಗ್ಗೆ ಬೆಂಗಳೂರಿಗೆ ವಾಪಸ್. ನಾಲ್ಕು ಮತ್ತು ಐದನೇ ಡೋನರ್‌ಗಳ ರಕ್ತ ಬುಧವಾರ ಬರುತ್ತದೆ. ಈ ಸಲ ಮಣಿ ಹಾಕುವ ಮೊದಲೇ ಎಳೆಯ ಕೋಶ ಎಷ್ಟಿವೆ ಅಂತ ಎಣಿಸಿ ಬರೆದಿಟ್ಟುಕೊಳ್ಳುತ್ತೇನೆ.