ನಾಳೆಗೇನಾರ ಬತ್ತದಾ ಅಕ್ಕ?

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನೊಂದು ಸುಳ್ಳು ಹೇಳಿದೆ. ‘ಸ್ಟಾಕ್ ಇಲ್ಲಮ್ಮ.’ ಸ್ಟಾಕ್ ಇತ್ತು. ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು. ಗರ್ಭಪಾತದ ಐದು ಮಾತ್ರೆಯ ಒಂದು ಸಣ್ಣ ಕಿಟ್.

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಮೆಡಿಕಲ್ ಸ್ಟೋರ್ ನಮ್ಮದು. ನಮ್ಮದು ಅಂದರೆ ಅಂಗಡಿ ಯಜಮಾನರದ್ದು. ನಾನು ಡಿ.ಫಾರ್ಮಾ ಮುಗಿಸಿ ಹನ್ನೊಂದು ವರ್ಷದಿಂದ ಕೌಂಟರಿನ ಹಿಂದೆ ನಿಂತವಳು. ಆಕೆಗೆ ಇಪ್ಪತ್ತೈದು ಇರಬಹುದು. ಸೊಂಟದ ಮೇಲೆ ಎರಡು ವರ್ಷದ ಕೂಸು. ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅದರೊಳಗೆ ಅರಕಲಗೂಡು ಬಸ್ಸಿನ ಟಿಕೆಟನ್ನೂ ಸೇರಿಸಿ ಹಿಡಿದಿದ್ದಳು. ಚೀಟಿ ಸರಿಯಾಗಿಯೇ ಇತ್ತು. ಸಹಿ, ಸೀಲು, ಅದೇ ದಿನದ ತಾರೀಕು. ಮೇಲೆ ಬರೆದಿತ್ತು: 8 ವಾರ 2 ದಿನ.

‘ಇಲ್ಲ’ ಅಂದಾಗ ಆಕೆ ಜಗಳ ಮಾಡಲಿಲ್ಲ. ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ಮೆಲ್ಲಗೆ ಕೇಳಿದಳು. ‘ನಾಳೆಗೇನಾರ ಬತ್ತದಾ ಅಕ್ಕ?’

ಗೊತ್ತಿಲ್ಲ ಅಂದೆ. ಅದು ಎರಡನೇ ಸುಳ್ಳು.

ಯಜಮಾನರ ಕಟ್ಟಪ್ಪಣೆ ಅದು. ‘ಆ ಪಾಪ ನಮ್ಮ ಅಂಗಡಿಯಿಂದ ಬೇಡ ಕಣಮ್ಮ. ಇಲ್ಲ ಅನ್ನು, ಮುಗೀತು.’ ಕೆಟ್ಟ ಮನುಷ್ಯರಲ್ಲ. ನನ್ನ ಮಗಳ ಫೀಸಿಗೆ ಕೇಳದೆ ದುಡ್ಡು ಕೊಟ್ಟವರು. ಆದರೆ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೇಳಿದವರಿಗೆ ಇದೇ ಕೌಂಟರಿನಲ್ಲಿ ಎರಡೆರಡು ಮಾತ್ರೆ ಕತ್ತರಿಸಿ ಕೊಡುವಾಗ ಪಾಪದ ಮಾತು ಬರುವುದಿಲ್ಲ. ಡ್ರಾಯರಿನಲ್ಲಿ ಆ ಒಂದು ಕಿಟ್ ಯಾಕಿದೆ ಗೊತ್ತಾ? ಗೊತ್ತಿರುವವರು ಫೋನ್ ಮಾಡಿದರೆ ಬೇಕಾಗುತ್ತದೆ ಅಂತ. ಪಾಪವೂ ಮುಖ ನೋಡಿ ಅಂಟುತ್ತದೆ ಅಂತಾಯ್ತಲ್ವಾ?

ನಿಜ ಹೇಳಬೇಕೆಂದರೆ ಪಾಪಕ್ಕಿಂತ ಜಾಸ್ತಿ ಇರುವುದು ಡ್ರಗ್ ಇನ್‌ಸ್ಪೆಕ್ಟರ್ ಭಯ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದವರು ಸಿಕ್ಕಿಬಿದ್ದ ಮೇಲೆ ಈ ಕಿಟ್ ಹೆಸರೆತ್ತಿದರೇ ಯಜಮಾನರು ಬೆವರುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು ಬೇರೆ, ಅದು 1994ರದ್ದು. ಗರ್ಭಪಾತದ ಕಾನೂನು 1971ರದ್ದು, 2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಿದರೆ ಸಾಕು, 18 ದಾಟಿದವಳಿಗೆ ಗಂಡನ ಸಹಿಯೂ ಬೇಡ. ಮಾತ್ರೆಯ ಕಿಟ್ 9 ವಾರದೊಳಗೆ. ಅಷ್ಟರಲ್ಲಿ ಸ್ಕ್ಯಾನಿಂಗಿನಲ್ಲಿ ಹೆಣ್ಣೋ ಗಂಡೋ ಗೊತ್ತಾಗುವುದೇ ಇಲ್ಲ. ಇದನ್ನೆಲ್ಲ ಯಜಮಾನರಿಗೆ ಎರಡು ಸಲ ಹೇಳಿದ್ದೇನೆ. ‘ನಿನಗೆ ಗೊತ್ತು, ಇನ್‌ಸ್ಪೆಕ್ಟರಿಗೆ ಗೊತ್ತಾ?’ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮನಸ್ಸು ಒಪ್ಪದವರನ್ನು ನಾನು ಬೈಯುವವಳಲ್ಲ. ನನ್ನ ಗೆಳತಿಯೊಬ್ಬಳು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಸಿಸ್ಟರ್, ಭಾನುವಾರ ಚರ್ಚ್ ತಪ್ಪಿಸುವವಳಲ್ಲ. ಇಂಥ ಕೇಸ್ ಬಂದರೆ ಅವಳು ಕೈ ಹಾಕುವುದಿಲ್ಲ. ಆದರೆ ಮುಖ ನೋಡಿಯೇ ಹೇಳುತ್ತಾಳೆ, ‘ನನ್ನ ಕೈಲಿ ಆಗಲ್ಲಮ್ಮ, ಇವರು ನೋಡ್ಕೋತಾರೆ.’ ಇನ್ನೊಬ್ಬ ಸಿಸ್ಟರನ್ನು ಕರೆದು, ಅವರು ಬಂದು ನಿಲ್ಲುವವರೆಗೂ ಅಲ್ಲೇ ಇರುತ್ತಾಳೆ. ನನಗೂ ಅಷ್ಟು ಬರಬೇಕಿತ್ತು. ‘ಇಲ್ಲಿ ಕೊಡಲ್ಲಮ್ಮ, ಜಿಲ್ಲಾಸ್ಪತ್ರೆಗೆ ಹೋಗು’ ಅಂತ ಒಂದು ಮಾತು. ‘ಸ್ಟಾಕ್ ಇಲ್ಲ’ ಅಂದರೆ ಆಕೆ ನಾಳೆಗೆ ಕಾಯುತ್ತಾಳೆ. ‘ಕೊಡಲ್ಲ’ ಅಂದಿದ್ದರೆ ಬೇರೆ ಕಡೆ ಹೋಗುತ್ತಿದ್ದಳು.

ನಮ್ಮಲ್ಲಿ ಡಾಕ್ಟರುಗಳಿಗೆ 2002ರ ವೈದ್ಯಕೀಯ ಮಂಡಳಿ ನಿಯಮವೊಂದಿದೆ. ವೈದ್ಯಕೀಯ ಕಾರಣ ಇರುವಾಗ ಬರೀ ಧರ್ಮದ ನೆಪ ಹೇಳಿ ಗರ್ಭಪಾತಕ್ಕೆ ಆಗಲ್ಲ ಅನ್ನುವಂತಿಲ್ಲ. ಅದು ಡಾಕ್ಟರುಗಳಿಗೆ. ನಮ್ಮಂಥ ಕೌಂಟರಿನವರಿಗೆ ‘ಸ್ಟಾಕ್ ಇಲ್ಲ’ ಅನ್ನುವ ಎರಡು ಪದವೇ ಕಾನೂನು.

ಆ ರಾತ್ರಿ ಸವಿತಾ ಹಾಲಪ್ಪನವರ ನೆನಪಾದಳು. ಬೆಳಗಾವಿಯಲ್ಲಿ ಬೆಳೆದ ಹುಡುಗಿ, ಹಲ್ಲಿನ ಡಾಕ್ಟರು. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ನಂಜೇರಿ ತೀರಿಕೊಂಡಳು. ವಯಸ್ಸು 31. ಅಲ್ಲಿನ ಜನ 2018ರಲ್ಲಿ ಮತ ಹಾಕಿ ಕಾನೂನು ಬದಲಾಯಿಸಿದರು. ಹೊಸ ಕಾನೂನಿನಲ್ಲಿ ಡಾಕ್ಟರೋ ನರ್ಸೋ ನನ್ನ ಮನಸ್ಸು ಒಪ್ಪಲ್ಲ ಅನ್ನಬಹುದು. ಆದರೆ ಮಾಡುವವರ ಹತ್ತಿರ ಕಳಿಸಿಕೊಡಬೇಕು. ಜೀವಕ್ಕೆ ಅಪಾಯವಿದ್ದು ತುರ್ತು ಅಂದರೆ ಆ ಮಾತೂ ನಡೆಯಲ್ಲ. ನನ್ನ ಗೆಳತಿ ಯಾವ ಕಾನೂನೂ ಓದದೆ ಮಾಡುವುದು ಇದನ್ನೇ.

ಮಂಗಳವಾರ ಆಕೆ ಬರುತ್ತಾಳೆ ಅಂದುಕೊಂಡಿದ್ದೆ. ಬಂದರೆ ಕೊಟ್ಟೇಬಿಡುವುದು, ಬಿಲ್ ಹಾಕಿ, ಯಜಮಾನರು ಏನಾದರೂ ಅಂದುಕೊಳ್ಳಲಿ ಅಂತ ತೀರ್ಮಾನಿಸಿದ್ದೆ. ನಿಜವಾಗಿ ಕೊಡುತ್ತಿದ್ದೆನಾ? ಆಕೆ ಬರದೇ ಇರುವಾಗ ಧೈರ್ಯ ಸುಲಭ. ಬುಧವಾರವೂ ಬರಲಿಲ್ಲ. ಅರಕಲಗೂಡು ಬಸ್ಸಿನ ಹೊತ್ತಿಗೆ ಸುಮ್ನೆ ಹೊರಗೆ ನೋಡುತ್ತೇನೆ. ಕೂಸೆತ್ತಿಕೊಂಡವರೆಲ್ಲ ಆಕೆಯ ಹಾಗೇ ಕಾಣುತ್ತಾರೆ.

9 ವಾರ ದಾಟಿದರೆ ದಾರಿ ಮುಚ್ಚುವುದಿಲ್ಲ, ಗೊತ್ತು. ಆದರೆ ಆಸ್ಪತ್ರೆಗೆ ಸೇರಬೇಕು, ಕೂಸನ್ನು ಯಾರ ಕೈಗಾದರೂ ಕೊಡಬೇಕು, ಯಾಕೆ ಅಂತ ಹೇಳಬೇಕು. ಆ ಚೀಟಿಯ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಲೇ ಇದೆ. ಇವತ್ತು ಶುಕ್ರವಾರ. 8 ವಾರ 6 ದಿನ. ಕಿಟ್ ಡ್ರಾಯರಿನಲ್ಲೇ ಇದೆ.