ಹೆಪಟೈಟಿಸ್ ಸಿ ವಾಸಿಯಾಯಿತೆಂದು ಹಳೆಯ ಫೈಲು ಎಸೆಯಬೇಡಿ

ಲಿವರಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಇದ್ದವರು ಸೊಫೊಸ್ಬುವಿರ್ ಮಾತ್ರೆಯ ಜೊತೆ ಡಕ್ಲಾಟಸ್ವಿರ್ ಅಥವಾ ವೆಲ್ಪಟಾಸ್ವಿರ್ ಸೇರಿಸಿ ಸಾಮಾನ್ಯವಾಗಿ 12 ವಾರ ತೆಗೆದುಕೊಳ್ಳುತ್ತಾರೆ. ಮಾತ್ರೆ ಮುಗಿದು ಮತ್ತೆ 12 ವಾರ ಕಳೆದ ಮೇಲೂ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಸಿಗದಿದ್ದರೆ ವಾಸಿಯಾದ ಲೆಕ್ಕ. ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಹೀಗೆ ವಾಸಿಯಾಗುತ್ತದೆ. ನಮ್ಮ ದೇಶದಲ್ಲಿ 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಮಾತ್ರೆಗಳು ಉಚಿತ. ಆ ಕೊನೆಯ ರಿಪೋರ್ಟ್ ಕೈಗೆ ಬಂದ ದಿನವೇ ಹಳೆಯ ಫೈಲು ಅಟ್ಟ ಸೇರುತ್ತದೆ. ಎಡವಟ್ಟಾಗುವುದು ಅಲ್ಲೇ.

ವೈರಸ್ ಹೋದರೂ ವರ್ಷಗಟ್ಟಲೆ ಅದು ಮಾಡಿದ ಗಾಯದ ಕಲೆ ಲಿವರಿನಲ್ಲಿ ಉಳಿದಿರುತ್ತದೆ. ಸಿರೋಸಿಸ್ (ಕಲೆ ತುಂಬಿ ಲಿವರ್ ಗಟ್ಟಿಯಾಗುವುದು) ಆಗಿದ್ದವರಿಗೆ ವೈರಸ್ ಹೋದ ಮೇಲೆ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು ಶೇ. 70ರಷ್ಟು ಇಳಿಯುತ್ತದೆ. ಇಳಿದರೂ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ ಗಡ್ಡೆ ಬರುತ್ತಲೇ ಇರುತ್ತದೆ, ಐದಾರು ವರ್ಷವಾದ ಮೇಲೂ. ಕಲೆಯನ್ನು ಎಫ್0ದಿಂದ ಎಫ್4ರವರೆಗೆ ಅಳೆಯುತ್ತಾರೆ, ಎಫ್4 ಎಂದರೆ ಸಿರೋಸಿಸ್. ಕಲೆ ಅಷ್ಟಾಗಿ ಇಲ್ಲದವರಿಗೆ, ಅಂದರೆ ಎಫ್0ದಿಂದ ಎಫ್2ರವರೆಗಿನವರಿಗೆ, ಈ ಭಯ ತೀರಾ ಕಡಿಮೆ. ಸಾಮಾನ್ಯವಾಗಿ ಅವರಿಗೆ ಗಡ್ಡೆ ಹುಡುಕುವ ನಿಯಮಿತ ಸ್ಕ್ಯಾನ್ ಬೇಕಿಲ್ಲ.

ಹಾಗಾದರೆ ನೀವು ಯಾವ ಗುಂಪು? ಇದನ್ನು ಹೇಳುವುದು ಚಿಕಿತ್ಸೆಗೆ ಮುಂಚಿನ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಪರೀಕ್ಷೆ. ಹೆಪಟೈಟಿಸ್ ಸಿಯಲ್ಲಿ ಸುಮಾರು 9.5 ಕಿಲೋಪಾಸ್ಕಲ್ ದಾಟಿದರೆ ಎಫ್3, 12.5 ದಾಟಿದರೆ ಸಿರೋಸಿಸ್ ಎಂದು ಓದುತ್ತಾರೆ. ವೈರಸ್ ಹೋದ ಕೆಲವೇ ತಿಂಗಳಲ್ಲಿ 15 ಇದ್ದದ್ದು 9ಕ್ಕೆ ಇಳಿಯಬಹುದು. ಇಳಿದದ್ದರಲ್ಲಿ ದೊಡ್ಡ ಪಾಲು ಊತದ್ದು. ಕಲೆ ಅಷ್ಟು ಬೇಗ ಕರಗುವುದಿಲ್ಲ. ಹೊಸ ಅಂಕಿ ನೋಡಿ ಗಡ್ಡೆ ಹುಡುಕುವ ಸ್ಕ್ಯಾನ್ ನಿಲ್ಲಿಸಬಾರದು. ಹಳೆಯ ಫೈಲು ಜೋಪಾನ ಎನ್ನುವುದು ಇದಕ್ಕೇ.

ಆಗ ಫೈಬ್ರೋಸ್ಕ್ಯಾನ್ ಮಾಡಿಸಿರದಿದ್ದರೆ ಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆಯಿಂದ ಕಲೆಯ ಅಂದಾಜು ಕೊಡುವ ಫಿಬ್-4 ಲೆಕ್ಕ ಹಾಕಬಹುದು. ಎಎಸ್‌ಟಿ, ಎಎಲ್‌ಟಿ ಎಂದರೆ ಆ ರಿಪೋರ್ಟಿನಲ್ಲಿರುವ ಲಿವರ್ ಕಿಣ್ವಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದದ್ದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಗುಣಿಸು ಎಎಲ್‌ಟಿಯ ವರ್ಗಮೂಲದಿಂದ ಭಾಗಿಸಿ. ವಯಸ್ಸು 58, ಎಎಸ್‌ಟಿ 62, ಎಎಲ್‌ಟಿ 49, ಪ್ಲೇಟ್‌ಲೆಟ್ 1,10,000 ಇದ್ದರೆ 3596 ಭಾಗಿಸು 770 (110 ಗುಣಿಸು 7), ಸುಮಾರು 4.7. 3.25ಕ್ಕಿಂತ ಮೇಲಿದ್ದರೆ ಕಲೆ ಜೋರಾಗಿದೆ ಎಂಬ ಗುಮಾನಿ, 1.45ಕ್ಕಿಂತ ಕೆಳಗಿದ್ದರೆ ಅಷ್ಟಿಲ್ಲ. ನಡುವಿನವರಿಗೆ ಈ ಲೆಕ್ಕದಿಂದ ಏನೂ ತೀರ್ಮಾನವಾಗದು.

ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಲಿವರ್ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಹೆಚ್ಚಾಗಬಹುದಾದ ಒಂದು ಪ್ರೋಟೀನು) ರಕ್ತಪರೀಕ್ಷೆ ಮಾಡಿಸಬೇಕು. ಎಫ್3 ಇದ್ದವರಿಗೂ ಯುರೋಪಿನ ಹೆಪಟೈಟಿಸ್ ಸಿ ಮಾರ್ಗಸೂಚಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಹೇಳುತ್ತದೆ. ಅಲ್ಟ್ರಾಸೌಂಡ್ ಒಂದೇ ಆದರೆ ಆರಂಭದ ಗಡ್ಡೆಗಳಲ್ಲಿ ಅರ್ಧದಷ್ಟು ತಪ್ಪಿಹೋಗುತ್ತವೆ. ಎಎಫ್‌ಪಿ ಸೇರಿದರೆ ಮೂರರಲ್ಲಿ ಎರಡರ ಹತ್ತಿರ ಸಿಗುತ್ತವೆ. ಖಾಲಿ ಹೊಟ್ಟೆಯಲ್ಲಿ ಹೋಗಿ. ಚೀಟಿಯಲ್ಲಿ ಬರೀ 'ಹೊಟ್ಟೆ ಸ್ಕ್ಯಾನ್' ಎಂದಿದ್ದರೆ ನಿಮಗೆ ಸಿರೋಸಿಸ್ ಇದೆ, ಗಡ್ಡೆ ಹುಡುಕಲು ಬಂದಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ದಪ್ಪ ಹೊಟ್ಟೆಯಿಂದಲೋ ಗ್ಯಾಸಿನಿಂದಲೋ ಲಿವರ್ ಪೂರ್ತಿ ಕಾಣದಿದ್ದರೆ ರಿಪೋರ್ಟಿನಲ್ಲಿ ಹಾಗೆ ಬರೆದಿರಬೇಕು. ಅಂಥವರಿಗೆ ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಕೇಳಿ. 1 ಸೆಂ.ಮೀ.ಗಿಂತ ಚಿಕ್ಕ ಗಂಟು ಕಂಡರೆ ಮೂರರಿಂದ ಆರು ತಿಂಗಳೊಳಗೆ ಮತ್ತೆ ಸ್ಕ್ಯಾನ್. 1 ಸೆಂ.ಮೀ. ಅಥವಾ ಹೆಚ್ಚಿದ್ದರೆ, ಇಲ್ಲವೇ ಎಎಫ್‌ಪಿ 20 ದಾಟಿದರೆ, ಕಾಂಟ್ರಾಸ್ಟ್ ಕೊಟ್ಟು ಹಲವು ಹಂತದಲ್ಲಿ ತೆಗೆಯುವ ಸಿಟಿ ಅಥವಾ ಎಂಆರ್‌ಐ ಬೇಕು. ಇನ್ನೊಂದು ಮಾಮೂಲಿ ಅಲ್ಟ್ರಾಸೌಂಡ್ ಸಾಲದು.

ಹೆಪಟೈಟಿಸ್ ಬಿ ಕತೆಯೇ ಬೇರೆ. ಅದರ ಮಾತ್ರೆಗಳಾದ ಎಂಟೆಕಾವಿರ್, ಟೆನೊಫೊವಿರ್ ವೈರಸ್ಸನ್ನು ಅದುಮಿಡುತ್ತವೆ, ಕಿತ್ತುಹಾಕುವುದಿಲ್ಲ. ಈ ವೈರಸ್ಸಿನ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎ ಒಳಗೇ ಸೇರಿಕೊಳ್ಳುವುದರಿಂದ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು. ಹಾಗಾಗಿ ಏಷ್ಯಾದವರಲ್ಲಿ ಗಂಡಸರಿಗೆ 40, ಹೆಂಗಸರಿಗೆ 50 ದಾಟಿದ ಮೇಲೆ, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದರೆ ಇನ್ನೂ ಮೊದಲೇ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಸೊನ್ನೆ ಇದ್ದರೂ ಸ್ಕ್ಯಾನ್ ನಡೆಯಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ವೈರಸ್ ಮತ್ತೆ ಎದ್ದು ಲಿವರ್ ಒಮ್ಮೆಗೇ ಕೈಕೊಡುವುದುಂಟು.

ಯಾವ ವೈರಸ್ಸೇ ಇರಲಿ, ಕಲೆ ಬಿದ್ದ ಲಿವರಿಗೆ ಕುಡಿತ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕೊಬ್ಬು ಎಲ್ಲವೂ ಹೊರೆಯೇ. ಶೇಂಗಾ ಚಟ್ನಿಪುಡಿಯ ಮನೆಗಳಿಗೆ ಇನ್ನೊಂದು ಮಾತು: ಬೂಷ್ಟು ಹಿಡಿದ, ಮುರುಟಿದ ಬೀಜಗಳನ್ನು ಆರಿಸಿ ಎಸೆಯಿರಿ. ಅದರಲ್ಲಿನ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಹೆಪಟೈಟಿಸ್ ಬಿ ಇದ್ದವರಿಗಂತೂ ಅದು ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ.